ಓಡದ ದಿನದ ಅಳತೆ: ಅಪ್ಪನನ್ನು ಕ್ಯಾನ್ಸರಿಗೆ ಕಳೆದುಕೊಂಡ ಮಗಳೊಬ್ಬಳ ಪ್ರಕರಣ

ಸಾವಾದ ಮನೆಯವರಿಗೆ "ಸ್ವಲ್ಪ ಓಡಾಡಿ, ಬೆಳಿಗ್ಗೆ ಜಾಗಿಂಗ್ ಮಾಡಿ, ಮನಸ್ಸು ಹಗುರ ಆಗ್ತದೆ" ಎನ್ನುವವರು ಬಹಳ. ಎಷ್ಟು ಓಡಬೇಕು, ಯಾವ ವೇಗದಲ್ಲಿ, ನಡುವೆ ಅಳು ಬಂದರೆ ಏನು ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಹೇಳುವವರು ಕಡಿಮೆ. ಮಲೆನಾಡಿನ ಒಬ್ಬ ಮಹಿಳೆಯ ಒಂದು ವರ್ಷವನ್ನು ಇಲ್ಲಿ ವಿವರವಾಗಿ ಬರೆದಿರುವುದು ಅದಕ್ಕೆ. ಗುರುತು ಸಿಗದಂತೆ ಹೆಸರು, ಉದ್ಯೋಗ, ಮನೆಯ ವಿವರಗಳನ್ನು ಬದಲಿಸಿದೆ. ಅವರನ್ನು ಸುಧಾ ಎಂದು ಕರೆಯೋಣ.

ಹಿನ್ನೆಲೆ

ಸುಧಾಗೆ 36 ವರ್ಷ, ಮದುವೆಯಾಗಿಲ್ಲ. ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ಅಪ್ಪ ಅಮ್ಮನ ಜೊತೆ ವಾಸ, ಪೇಟೆಯ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ತಮ್ಮ ಬೆಂಗಳೂರಿನಲ್ಲಿ. ಮನೆಗೆ ಆಧಾರ ಎರಡೂವರೆ ಎಕರೆ ಅಡಿಕೆ ತೋಟ. ಅಪ್ಪ ನಲವತ್ತು ವರ್ಷ ಹೊಗೆಸೊಪ್ಪು ಸೇರಿಸಿ ಕವಳ, ಅಂದರೆ ಎಲೆ ಅಡಿಕೆ, ಹಾಕಿದವರು. ಎಡಗೆನ್ನೆಯ ಒಳಗಿನ ಹುಣ್ಣು ಕ್ಯಾನ್ಸರ್ ಎಂದು ಗೊತ್ತಾದಾಗ ಅವರಿಗೆ 66. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು, ಆಮೇಲೆ ಆರು ವಾರ ರೇಡಿಯೇಷನ್. ಹತ್ತು ತಿಂಗಳು ಕಳೆಯುವಷ್ಟರಲ್ಲಿ ಕುತ್ತಿಗೆಯಲ್ಲಿ ಗಡ್ಡೆ ಮತ್ತೆ ಬಂತು. ಉಸಿರಾಟಕ್ಕೆ ಗಂಟಲಲ್ಲಿ ರಂಧ್ರ ಮಾಡಿ ಕೊಳವೆ ಇಟ್ಟರು, ಆಹಾರಕ್ಕೆ ಮೂಗಿನ ಮೂಲಕ ರೈಲ್ಸ್ ಟ್ಯೂಬ್ ಹಾಕಿದರು. ಕೊನೆಯ ಐದು ತಿಂಗಳು ಅವರು ಇದ್ದದ್ದು ಮನೆಯಲ್ಲೇ.

ಆ ಐದು ತಿಂಗಳ ದಿನಚರಿ ತಿಳಿಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಮಾತ್ರೆ ಪುಡಿ ಮಾಡಿ, ನೀರಲ್ಲಿ ಕದಡಿ, 50 ಎಂಎಲ್ ಸಿರಿಂಜಿನಿಂದ ಟ್ಯೂಬಿಗೆ ಬಿಡಬೇಕು. ಟ್ಯೂಬು ಕಟ್ಟಿಕೊಳ್ಳದಂತೆ ಹಿಂದೆಯೇ 30 ಎಂಎಲ್ ನೀರು. ಗಂಟಲ ಕೊಳವೆಯಲ್ಲಿ ಕಫ ಗೊರಗೊರ ಅಂದರೆ ಅದನ್ನು ಎಳೆದು ತೆಗೆಯುವ ಸಕ್ಷನ್ ಯಂತ್ರ ಹಚ್ಚಬೇಕು, ಒಂದು ಸಲಕ್ಕೆ ಹತ್ತು ಸೆಕೆಂಡು ಮೀರಬಾರದು. ಕರೆಂಟು ಹೋದರೆ ಕಾಲಲ್ಲಿ ತುಳಿಯುವ ಪಂಪು. ನಸುಕಿನ ನಾಲ್ಕರ ಸರದಿ ಯಾವಾಗಲೂ ಸುಧಾ ಅವರದ್ದೇ. ಕತ್ತಲಲ್ಲಿ ಆ ಗೊರಗೊರ ಕೇಳಿಯೇ ಅವರು ಏಳುತ್ತಿದ್ದರು.

ಅಪ್ಪ ತೀರಿಕೊಂಡದ್ದು ಫೆಬ್ರವರಿಯಲ್ಲಿ. ಸೂತಕದ ದಿನಗಳೆಲ್ಲ ಮುಗಿದು, ನೆಂಟರು ಹೊರಟು, ಬಾಡಿಗೆಗೆ ತಂದ ಆಸ್ಪತ್ರೆಯ ಮಂಚವನ್ನು ವಾಪಸು ಕಳಿಸಿದ ಮೇಲೂ ಸುಧಾ ಅವರಿಗೆ ನಾಲ್ಕಕ್ಕೆ ಸರಿಯಾಗಿ ಎಚ್ಚರವಾಗುತ್ತಲೇ ಇತ್ತು. ಎದ್ದು ಮಾಡಲು ಕೆಲಸವಿರಲಿಲ್ಲ.

ಸಮಸ್ಯೆ

ಏಪ್ರಿಲ್ ಮೊದಲಲ್ಲಿ ಅವರು ಶಿವಮೊಗ್ಗದ ಆಪ್ತ ಸಮಾಲೋಚಕಿಯೊಬ್ಬರ ಬಳಿ ಬಂದರು. ರಾತ್ರಿ ನಾಲ್ಕೂವರೆ ಗಂಟೆ ನಿದ್ದೆ. ಅನ್ನ ಸೇರದು. ಕೊನೆಯ ವಾರದ ಚಿತ್ರಗಳಿಗಿಂತ ಕೊನೆಯ ವಾರದ ಶಬ್ದ ಹೆಚ್ಚು ಕಾಡುತ್ತಿತ್ತು. ಕಚೇರಿ ಕೆಲಸದಲ್ಲಿ ತಪ್ಪಿಲ್ಲ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಸಮಾಲೋಚಕಿ ನೇರವಾಗಿಯೇ ಕೇಳಿದರು. ಇರಲಿಲ್ಲ. ಎರಡು ತಿಂಗಳ ದುಃಖಕ್ಕೆ ಕಾಯಿಲೆಯ ಹೆಸರು ಕೊಡುವ ಅಗತ್ಯವೂ ಇರಲಿಲ್ಲ. ದೀರ್ಘಕಾಲದ ಶೋಕವನ್ನು ಕಾಯಿಲೆ ಎಂದು ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಕನಿಷ್ಠ ಆರು ತಿಂಗಳು ಕಳೆದಿರಬೇಕು ಎನ್ನುತ್ತದೆ.

ಓಟದ ಮಾತು ತೆಗೆದದ್ದು ಸುಧಾ ಅವರೇ. ಹೈಸ್ಕೂಲಿನಲ್ಲಿ 800 ಮೀಟರ್ ಓಡಿದ್ದವರು. ಹದಿನೆಂಟು ವರ್ಷದಿಂದ ಓಡಿಲ್ಲ. ನಾಲ್ಕಕ್ಕೆ ಎದ್ದ ಮೈ ಏನಾದರೂ ಕೆಲಸ ಕೇಳುತ್ತಿದೆ ಎಂಬುದು ಸಮಾಲೋಚಕಿಗೂ ಕಂಡಿತು. ಕೂತು ಮಾತಾಡಿಸುವುದಕ್ಕಿಂತ ಇಲ್ಲಿಂದ ಶುರುಮಾಡುವುದು ಲೇಸು ಎಂದು ಅವರು ಓಟದ ತರಬೇತುದಾರರೊಬ್ಬರನ್ನು ಜೊತೆಗೆ ಸೇರಿಸಿಕೊಂಡರು. ಇದರ ಹಿಂದೆ ಒಂದು ತಿಳಿವಳಿಕೆ ಇತ್ತು. ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶೂಟ್ 1999ರಲ್ಲಿ ಮಂಡಿಸಿದ ಮಾದರಿಯ ಪ್ರಕಾರ ದುಃಖದಲ್ಲಿರುವವರು ಕಳೆದುಕೊಂಡದ್ದರ ಕಡೆಗೂ ಮುಂದಿನ ಬದುಕಿನ ಕಡೆಗೂ ಹೋಗುತ್ತಾ ಬರುತ್ತಾ ಇರುತ್ತಾರೆ, ಹೀಗೆ ಹೋಗಿಬರುವುದೇ ಆರೋಗ್ಯ. ಒಂದು ದಡದಲ್ಲೇ ನಿಂತುಬಿಟ್ಟರೆ ತೊಂದರೆ. ಓಟ ಹೋಗಿಬರುವ ದಾರಿಯಾಗಬೇಕಿತ್ತು.

ಮೊದಲ ಏರ್ಪಾಡು

ಮೊದಲ ತಕರಾರು ಬಂದದ್ದು ಹೊತ್ತಿನ ಬಗ್ಗೆ. ಎಚ್ಚರವಾದ ಕೂಡಲೆ ನಾಲ್ಕೂವರೆಗೇ ಹೊರಡುತ್ತೇನೆ ಎಂದರು ಸುಧಾ. ತರಬೇತುದಾರರು ಒಪ್ಪಲಿಲ್ಲ. ಕತ್ತಲಲ್ಲಿ ಕಾಟಿ (ಕಾಡುಕೋಣ) ರಸ್ತೆ ದಾಟುತ್ತವೆ, ಬೀದಿನಾಯಿ ಗುಂಪು ಕಟ್ಟಿರುತ್ತದೆ, ತಿರುವಿನಲ್ಲಿ ಬರುವ ಹಾಲಿನ ಗಾಡಿಗೆ ಮಂಜಿನೊಳಗೆ ಆಳು ಕಾಣುವುದಿಲ್ಲ. ಬೆಳಕು ಹರಿಯುವ ತನಕ, ಅಂದರೆ ಹತ್ತಿರಹತ್ತಿರ ಆರರ ತನಕ, ಆ ಹೊತ್ತನ್ನು ಬೇರೆ ಕೆಲಸದಿಂದ ತುಂಬಿದರು: ಬಚ್ಚಲ ಒಲೆಗೆ ಬೆಂಕಿ, ಕೊಟ್ಟಿಗೆ, ಹಾಲು ಕರೆಯುವುದು, ಒಂದು ಬಾಳೆಹಣ್ಣು, ನೀರು. ಮೊದಲೆಲ್ಲ ಕೊಟ್ಟಿಗೆ ಕೆಲಸ ಅಪ್ಪನದು. ಅದನ್ನು ವಹಿಸಿಕೊಂಡದ್ದು ಓಟದಷ್ಟೇ ನೆರವಾಯಿತು ಎಂಬುದು ಆಮೇಲೆ ಗೊತ್ತಾಯಿತು.

ಎರಡನೆಯದು ದಾರಿ. ಮನೆಯ ಹಿಂದೆ ಕಾಡಿನ ಕಾಲುದಾರಿ ಇದೆ, ನೆರಳು, ಮಣ್ಣು, ಮಂಡಿಗೆ ಹಿತ. ಆದರೆ ಡಿಸೆಂಬರಿನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣುಗಿನಿಂದ (ಉಣ್ಣೆ ಹುಳದಿಂದ) ಹರಡುತ್ತದೆ, ತೀರ್ಥಹಳ್ಳಿ ಸಾಗರದ ಕಡೆ ಈಗಲೂ ಇದೆ. ಹಾಗಾಗಿ ಏಪ್ರಿಲ್, ಮೇನಲ್ಲಿ ಡಾಂಬರು ರಸ್ತೆ ಮಾತ್ರ. ಬದಿಯ ತರಗೆಲೆಯ ಮೇಲೆ ಕೂರುವುದೂ ಬೇಡ. ಬಂದ ಕೂಡಲೆ ಬಿಸಿನೀರು ಸ್ನಾನ, ಬಟ್ಟೆ ನೆನೆಹಾಕುವುದು, ಮಂಡಿಸಂದು, ಸೊಂಟ, ಕಂಕುಳಲ್ಲಿ ಉಣುಗು ಹತ್ತಿದೆಯೇ ನೋಡಿಕೊಳ್ಳುವುದು.

ಓಟದ ಲೆಕ್ಕ ಹೀಗೆ. ಮೊದಲ ಎರಡು ವಾರ ದಿನಕ್ಕೆ 25 ನಿಮಿಷ ನಡಿಗೆ ಮಾತ್ರ. ಆಮೇಲೆ ಮಂಗಳವಾರ, ಗುರುವಾರ, ಶನಿವಾರ ಐದು ನಿಮಿಷ ನಡಿಗೆ, ಒಂದು ನಿಮಿಷ ಓಟ ಎರಡು ನಿಮಿಷ ನಡಿಗೆ ಎಂಟು ಸಲ, ಕೊನೆಗೆ ಮತ್ತೆ ಐದು ನಿಮಿಷ ನಡಿಗೆ. ಕಿಲೋಮೀಟರ್ ಲೆಕ್ಕ ಬೇಡ ಎಂದರು, ಏಕೆಂದರೆ ಮಲೆನಾಡಿನಲ್ಲಿ ಸಮತಟ್ಟಾದ ಒಂದು ಫರ್ಲಾಂಗು ಸಿಗುವುದೂ ಕಷ್ಟ. ಒಂದೇ ಕಿಲೋಮೀಟರು ಏರಿನಲ್ಲಿ ಒಂದು ಥರ, ಇಳಿಜಾರಿನಲ್ಲಿ ಇನ್ನೊಂದು ಥರ. ಏರು ಬಂದರೆ ನಡಿಗೆ. ಇಳಿಜಾರಿನಲ್ಲಿ ಸಣ್ಣ ಹೆಜ್ಜೆ, ಅಲ್ಲಿ ವೇಗ ಬಿಟ್ಟರೆ ತೊಡೆ ಮತ್ತು ಮೊಣಕಾಲ ಕೆಳಗಿನ ಎಲುಬಿಗೆ ಹೊಡೆತ ಬೀಳುತ್ತದೆ. ವೇಗಕ್ಕೆ ಒಂದೇ ಪರೀಕ್ಷೆ: ಓಡುತ್ತಲೇ ಹದಿಮೂರರ ಮಗ್ಗಿಯನ್ನು ಗಟ್ಟಿಯಾಗಿ ಹೇಳಲು ಬರಬೇಕು. ಹದಿಮೂರೈದ್ಲಿ ಎನ್ನುವಾಗ ಉಸಿರು ತುಂಡಾದರೆ ವೇಗ ಹೆಚ್ಚಾಗಿದೆ ಎಂದರ್ಥ. ಅಳು ಬಂದರೆ ಕೂಡಲೆ ನಡಿಗೆ. ಗಂಟಲು ಬಿಗಿದುಕೊಂಡಾಗ ಓಡಿದರೆ ಗಾಳಿ ಸಾಲದು, ಆಗ ದುಃಖ ಗಾಬರಿಯಾಗಿ ತಿರುಗುತ್ತದೆ.

ಉಸಿರು

ಮೊದಲ ತಿರುವು ಏಪ್ರಿಲ್ ಕೊನೆಯಲ್ಲಿ, ಊರ ಕಟ್ಟೆಯ ಪಕ್ಕದ ಏರಿನಲ್ಲಿ. ಏರಲ್ಲಿ ನಡೆಯಬೇಕೆಂದು ಗೊತ್ತಿದ್ದೂ ಅವತ್ತು ಓಡಿದರು. ಏದುಸಿರು ಬಂತು, ಗಂಟಲಲ್ಲಿ ಒಂದು ಸಿಳ್ಳಿನ ಶಬ್ದ. ಅದು ಅಪ್ಪನ ಕೊಳವೆಯ ಶಬ್ದ ಎಂದು ಅವರಿಗೆ ಕೇಳಿತು. ಕೈಬೆರಳು ಜುಮ್ಮೆಂದು, ಎದೆ ಹಿಡಿದುಕೊಂಡು, ರಸ್ತೆಬದಿಯಲ್ಲೇ ಕೂತರು. ಹಾರ್ಟ್ ಅಟ್ಯಾಕ್ ಎಂದೇ ನಂಬಿದ್ದರು.

ಇಲ್ಲಿ "ಇದೆಲ್ಲ ಮನಸ್ಸಿನದು" ಎಂದು ಹೇಳಿ ಮುಗಿಸುವ ಸಾಧ್ಯತೆ ಇತ್ತು. ಸಮಾಲೋಚಕಿ ಮೊದಲು ವೈದ್ಯರ ಬಳಿ ಕಳಿಸಿದರು. ಇಸಿಜಿ ಸರಿಯಾಗಿತ್ತು, ಥೈರಾಯ್ಡ್ ಸರಿಯಾಗಿತ್ತು, ಹಿಮೋಗ್ಲೋಬಿನ್ ಮಾತ್ರ 9.4. ಗರ್ಭಿಣಿಯಲ್ಲದ ಮಹಿಳೆಯರಲ್ಲಿ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಅಪ್ಪನ ಆರೈಕೆಯ ಒಂದೂವರೆ ವರ್ಷ ಅವರು ನಿಂತಲ್ಲೇ ನಾಲ್ಕು ತುತ್ತು ಉಂಡು, ದಿನಕ್ಕೆ ಐದಾರು ಲೋಟ ಕಾಫಿಯಲ್ಲಿ ಕಳೆದಿದ್ದರು. ಇಷ್ಟು ಕಡಿಮೆ ರಕ್ತದಲ್ಲಿ ಏರು ಓಡಿದರೆ ಯಾರಿಗಾದರೂ ಏದುಸಿರು ಬರುತ್ತದೆ. ಆರೈಕೆ ಮಾಡಿದವರ ಮೈಯನ್ನು ಯಾರೂ ಪರೀಕ್ಷಿಸಿರುವುದಿಲ್ಲ ಎಂಬುದನ್ನು ಇಂಥ ಪ್ರಕರಣಗಳಲ್ಲಿ ಮೊದಲೇ ಊಹಿಸಿಕೊಳ್ಳುವುದು ಒಳ್ಳೆಯದು.

ಓಟ ನಿಂತಿತು, ನಡಿಗೆ ಉಳಿಯಿತು. ವೈದ್ಯರು ಬರೆದ ಕಬ್ಬಿಣಾಂಶದ ಮಾತ್ರೆಯನ್ನು ನಿಂಬೆ ಪಾನಕದ ಜೊತೆ ತೆಗೆದುಕೊಳ್ಳುವುದು, ಅದರ ಹಿಂದೆ ಮುಂದೆ ಒಂದು ಗಂಟೆ ಕಾಫಿ ಚಹಾ ಇಲ್ಲ. ಕಾಫಿ ಬಿಡಿ ಎಂದರೆ ಮಲೆನಾಡಿನವರು ಬಿಡುವುದಿಲ್ಲ, ಹೊತ್ತು ಬದಲಿಸಿ ಎಂದರೆ ಕೇಳುತ್ತಾರೆ. ಆರು ವಾರಕ್ಕೆ ಹಿಮೋಗ್ಲೋಬಿನ್ 11.3ಕ್ಕೆ ಬಂತು.

ಆದರೆ ಶಬ್ದದ ಭಯ ರಕ್ತದ ಜೊತೆ ಸರಿಹೋಗಲಿಲ್ಲ. ಅದಕ್ಕೆ ಬೇರೆ ಅಭ್ಯಾಸ ಬೇಕಾಯಿತು, ಮನೆಯಲ್ಲೇ, ಸಂಜೆ ಹೊತ್ತು, ಅಮ್ಮ ಪಕ್ಕದಲ್ಲಿರುವಾಗ. ಅಟ್ಟದ ಮೆಟ್ಟಿಲನ್ನು 30 ಸೆಕೆಂಡು ಬಿರುಸಾಗಿ ಹತ್ತಿಳಿಯುವುದು. ನಿಂತು, ಏದುಸಿರಿನ ಶಬ್ದವನ್ನು ಕೇಳಿಸಿಕೊಳ್ಳುವುದು. ಅದನ್ನು ತಡೆಯುವ ಹಾಗಿಲ್ಲ, ಫೋನು ನೋಡುವ ಹಾಗಿಲ್ಲ. ಗಡಿಯಾರ ನೋಡಿ, ಉಸಿರು ತಾನಾಗಿ ತಣಿಯಲು ಎಷ್ಟು ಹೊತ್ತು ಹಿಡಿಯಿತು ಎಂದು ಬರೆಯುವುದು. ಹೀಗೆ ಮೂರು ಸಲ. ಮೊದಲ ದಿನ ಮೂರೂವರೆ ನಿಮಿಷ ಬೇಕಾಯಿತು, ಎರಡು ವಾರದಲ್ಲಿ ಒಂದೂವರೆಗೆ ಇಳಿಯಿತು. ಅಪ್ಪನ ಉಸಿರು ಯಂತ್ರ ಹಚ್ಚದೆ ಹಗುರಾಗುತ್ತಿರಲಿಲ್ಲ. ಇದು ಸುಮ್ಮನೆ ನಿಂತರೆ ಹಗುರಾಗುತ್ತದೆ. ಈ ವ್ಯತ್ಯಾಸವನ್ನು ಬಾಯಿಮಾತಿನಲ್ಲಿ ಎಷ್ಟು ಸಲ ಹೇಳಿದರೂ ಪ್ರಯೋಜನವಿರಲಿಲ್ಲ. ತಮ್ಮ ಕೈಬರಹದ ಅಂಕಿಗಳನ್ನು ನೋಡಿದ ಮೇಲೆ ಅವರು ನಂಬಿದರು. ಎದೆಯ ಕಾಯಿಲೆ, ಆಸ್ತಮಾ ಇಲ್ಲವೆಂದು ವೈದ್ಯರು ಹೇಳಿದ ಮೇಲಷ್ಟೇ ಮಾಡಬೇಕಾದ ಅಭ್ಯಾಸ ಇದು.

ಮಳೆಗಾಲ

ಜೂನ್ ನಡುವಿನಲ್ಲಿ ಓಟ ಮತ್ತೆ ಒಂದು-ಎರಡು ನಿಮಿಷದ ಲೆಕ್ಕದಿಂದಲೇ ಶುರುವಾಯಿತು, ಆಗುಂಬೆಯ ಕಡೆಯಿಂದ ಮಳೆ ಕವುಚಿ ಬೀಳುವ ಕಾಲ. ಓಟಗಾರರು ಸಾಮಾನ್ಯವಾಗಿ ಈ ತಿಂಗಳುಗಳಲ್ಲೇ ಬಿಟ್ಟುಬಿಡುತ್ತಾರೆ. ಅದಕ್ಕೆ ಕೆಲವು ಸಣ್ಣ ವಿವರಗಳು ಮುಖ್ಯವಾದವು.

ಎರಡು ಜೊತೆ ಶೂ, ದಿನ ಬಿಟ್ಟು ದಿನ. ಒದ್ದೆ ಶೂ ಒಳಗಿನ ಅಟ್ಟೆ ತೆಗೆದು, ಹಳೇ ಪೇಪರ್ ತುರುಕಿ, ಎರಡು ಗಂಟೆ ಬಿಟ್ಟು ಪೇಪರ್ ಬದಲಿಸಿ, ಗಾಳಿಯಾಡುವ ಕಡೆ ಇಡುವುದು. ಬಚ್ಚಲ ಒಲೆಯ ಪಕ್ಕ ಇಟ್ಟರೆ ಬೇಗ ಒಣಗುತ್ತದೆ ನಿಜ, ಅಂಟು ಬಿಟ್ಟುಕೊಂಡು ತಿಂಗಳೊಳಗೆ ಅಡಿ ಬಾಯಿ ತೆರೆಯುತ್ತದೆ. ಕಾಂಕ್ರೀಟು ರಸ್ತೆಯ ಅಂಚಿನಲ್ಲಿ ಪಾಚಿ ಕಟ್ಟಿರುತ್ತದೆ, ಡಾಂಬರಿನ ನಡುಭಾಗವೇ ಗತಿ. ಉಂಬಳಕ್ಕೆ (ಜಿಗಣೆಗೆ) ಊರ ಕಡೆಯ ಮದ್ದು ಹೊಗೆಸೊಪ್ಪು ನೆನೆಸಿದ ನೀರನ್ನು ಕಾಲುಚೀಲಕ್ಕೆ ಹಾಕುವುದು. ಪಕ್ಕದ ಮನೆಯವರು ಪ್ರೀತಿಯಿಂದ ತಂದುಕೊಟ್ಟರು. ಆ ವಾಸನೆ ಸುಧಾ ಅವರಿಗೆ ತಡೆಯಲಾಗಲಿಲ್ಲ, ಡಬ್ಬಿಯನ್ನು ತೆರೆದವರು ಹಾಗೇ ಮುಚ್ಚಿಟ್ಟರು. ಒಣ ಕಾಲುಚೀಲಕ್ಕೆ ಬಟ್ಟೆ ಸೋಪನ್ನು ಉಜ್ಜಿ, ಮೊಣಕಾಲ ತನಕ ಎಳೆದುಕೊಂಡು ಓಡಿದರು. ಉಪ್ಪು ಸವರಿದರೆ ಮಳೆಯಲ್ಲಿ ತೊಳೆದುಹೋಗುತ್ತದೆ, ಸೋಪು ಅರ್ಧ ಗಂಟೆ ತಡೆಯುತ್ತದೆ.

ಇನ್ನೊಂದು ತೊಂದರೆಯನ್ನು ಯಾರೂ ನಿರೀಕ್ಷಿಸಿರಲಿಲ್ಲ. ಓಡುವಾಗ ಎಲ್ಲ ಸರಿ, ಮನೆಗೆ ಬಂದು ಜಗಲಿಯಲ್ಲಿ ಅಪ್ಪನ ಕುರ್ಚಿ ಕಂಡ ಕ್ಷಣ ಕುಸಿತ. ಓಟದ ನಂತರದ ಹದಿನೈದು ಇಪ್ಪತ್ತು ನಿಮಿಷ ದಿನದಲ್ಲೇ ಕಷ್ಟದ ಹೊತ್ತಾಗಿತ್ತು. ಅದಕ್ಕೂ ಏರ್ಪಾಡಾಯಿತು: ಹಂಡೆಯ ಬಿಸಿನೀರು ಕಾದಿರಬೇಕು, ಅರ್ಧ ಗಂಟೆಯೊಳಗೆ ಹೊಟ್ಟೆಗೆ ಬೀಳಬೇಕು, ಕಡುಬೋ ದೋಸೆಯೋ, ಜೊತೆಗೆ ಮೊಟ್ಟೆ ಅಥವಾ ಕಾಳು. ತಿನ್ನುವಾಗ ಅಮ್ಮನ ಜೊತೆ ಕೂರಬೇಕು.

ಅಮ್ಮನ ಜೊತೆ ಎಂದದ್ದು ಸುಲಭವಾಗಿರಲಿಲ್ಲ. ಊರಲ್ಲಿ ಮಾತು ಶುರುವಾಗಿತ್ತು. "ಎಂತ ಮಾರಾಯ್ತಿ, ಅಪ್ಪ ಹೋಗಿ ಆರು ತಿಂಗ್ಳಾಗ್ಲಿಲ್ಲ, ಪ್ಯಾಂಟು ಹಾಕ್ಕಂಡು ಓಡ್ತಿದ್ದಾಳಲ್ಲ" ಎಂದದ್ದು ಅಮ್ಮನ ಕಿವಿಗೆ ಬಿತ್ತು. ಆದರೆ ಅಮ್ಮನ ಸಿಟ್ಟಿಗೆ ಕಾರಣ ಅದಲ್ಲ. ಒಂದು ದಿನ ಅವರೇ ಹೇಳಿದರು: "ನಿಂಗೆ ಓಡಿದ್ರೆ ಹಗುರ ಆಗ್ತದೆ ಕಣೇ. ನೀ ಬಾಗ್ಲು ದಾಟಿದ ಮೇಲೆ ಈ ಮನೇಲಿ ನಾ ಒಬ್ಳೇ. ನಂಗೆಂತ ಮಾಡ್ಲಿ?" ಅದೇ ವಾರದಿಂದ ಭಾನುವಾರದ ನಡಿಗೆ ಇಬ್ಬರದ್ದಾಯಿತು, ಕಟ್ಟೆಯ ತನಕ, ಅಮ್ಮನ ನಡಿಗೆಯಲ್ಲಿ.

ಓಟ ಹೆಚ್ಚಾದಾಗ

ಜುಲೈ ಕೊನೆಗೆ ಐದು ನಿಮಿಷ ಓಟ, ಒಂದು ನಿಮಿಷ ನಡಿಗೆ, ವಾರಕ್ಕೆ ಮೂರು ದಿನ, ಒಟ್ಟು 90 ನಿಮಿಷ. ನಿದ್ದೆ ಆರು ಗಂಟೆಗೆ ಏರಿತ್ತು. ಎಲ್ಲರೂ ಸಮಾಧಾನಪಟ್ಟ ತಿಂಗಳು ಇದು. ಕೈತಪ್ಪಿದ್ದೂ ಇಲ್ಲಿಂದಲೇ.

ಆಗಸ್ಟಿನಲ್ಲಿ ಅವರು ಫೋನಿಗೆ ಓಟದ ಆಪ್ ಹಾಕಿಕೊಂಡರು. ಸತತ ಎಷ್ಟು ದಿನ ಓಡಿದಿರಿ ಎಂದು ಎಣಿಸಿ ತೋರಿಸುವ ಆಪ್. ಮೂರು ದಿನ ನಾಲ್ಕಾಯಿತು, ಆಮೇಲೆ ಆರು. ಐದು ವಾರದಲ್ಲಿ 90 ನಿಮಿಷ 270ಕ್ಕೆ ಏರಿತು. ಸಮಾಲೋಚಕಿಯ ಭೇಟಿ ಎರಡು ಸಲ ತಪ್ಪಿತು. ಫೋನಿನಲ್ಲಿ ಕೇಳಿದರೆ "ಆರಾಮಿದ್ದೀನಿ ಮೇಡಂ, ಈಗೆಲ್ಲ ಸರಿಹೋಗಿದೆ." ಮಾಸಿಕದ ದಿನ ತಮ್ಮ ಬೆಂಗಳೂರಿನಿಂದ ಬಂದು, ಭಟ್ಟರು ಬಂದು ಕೂತಿದ್ದರೂ ಅಕ್ಕನ ಸುಳಿವಿರಲಿಲ್ಲ. ಎರಡು ಗಂಟೆ ಬಿಟ್ಟು ಬೆವರಿಳಿಸಿಕೊಂಡು ಬಂದರು. "ಅಕ್ಕ, ವರ್ಷಪೂರ್ತಿ ಅಪ್ಪನ್ನ ನೋಡ್ಕಂಡವಳು ನೀನು. ಇವತ್ತೊಂದಿನ ಇರಕ್ಕಾಗ್ಲಿಲ್ವ?" ಎಂದನಂತೆ ತಮ್ಮ.

ಹೊರಗಿನಿಂದ ನೋಡಿದರೆ ಇದು ಯಶಸ್ಸಿನ ಕಥೆ. ಓಟ ಹೆಚ್ಚಿದೆ, ಅಳು ನಿಂತಿದೆ, ತೂಕ ಇಳಿದಿದೆ. ಒಳಗಿನ ಲೆಕ್ಕ ಬೇರೆ ಇತ್ತು: ನಿದ್ದೆ ಮತ್ತೆ ಐದು ಗಂಟೆಗೆ ಇಳಿದಿತ್ತು, ತೂಕ ಮೂರೂವರೆ ಕಿಲೋ ಕಡಿಮೆಯಾಗಿತ್ತು, ಮಳೆಯಿಂದ ಓಟ ತಪ್ಪಿದ ದಿನ ಮನೆಯಲ್ಲಿ ಯಾರೂ ಮಾತಾಡಿಸುವಂತಿರಲಿಲ್ಲ. ದುಃಖದಲ್ಲಿರುವವರ ಓಟ ಸರಿದಾರಿಯಲ್ಲಿದೆಯೇ ಎಂದು ತಿಳಿಯಲು ಓಡಿದ ದಿನಗಳನ್ನು ನೋಡಿ ಉಪಯೋಗವಿಲ್ಲ. ಓಡದ ದಿನ ಅವರು ಮನೆಯಲ್ಲಿ ಹೇಗಿರುತ್ತಾರೆ ಎಂಬುದನ್ನು ಕೇಳಬೇಕು, ಅದನ್ನೂ ಮನೆಯವರ ಬಳಿ ಕೇಳಬೇಕು.

ತಡೆದದ್ದು ಕಾಲು. ಬಲಗಾಲ ಮೊಣಕಾಲ ಕೆಳಗೆ, ಒಳಬದಿಯಲ್ಲಿ ನೋವು. ಮೊದಮೊದಲು ಓಟ ಶುರುವಾದಾಗ ನೋಯುತ್ತಿತ್ತು, ಮೈ ಬಿಸಿಯಾದರೆ ಹೋಗುತ್ತಿತ್ತು, ಗೇಣುದ್ದ ಹರಡಿಕೊಂಡಿತ್ತು. ಈ ಹಂತದಲ್ಲಿ ಓಟವನ್ನು ಅರ್ಧಕ್ಕಿಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅವರು ಮುಲಾಮು ಹಚ್ಚಿ ಓಡಿದರು. ಸೆಪ್ಟೆಂಬರ್ ಕೊನೆಗೆ ನೋವು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಬಂದು ನಿಂತಿತು, ಬೆರಳಿಟ್ಟು ಒತ್ತಿದರೆ ಹಾರಿಬೀಳುವಂತೆ. ರಾತ್ರಿ ಮಲಗಿದಾಗಲೂ ಜಗ್ಗುತ್ತಿತ್ತು. ಆ ಕಾಲಲ್ಲಿ ಒಂದು ಸಲ ಕುಪ್ಪಳಿಸಲೂ ಆಗಲಿಲ್ಲ. ಹರಡಿದ ನೋವು ಒಂದು ಬಿಂದುವಿಗೆ ಬಂದರೆ, ವಿಶ್ರಾಂತಿಯಲ್ಲೂ ಇದ್ದರೆ, ಎಲುಬಿನಲ್ಲೇ ಒತ್ತಡದ ಬಿರುಕು ಶುರುವಾಗಿರಬಹುದು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮೊದಲ ಎರಡು ಮೂರು ವಾರ ಇಂಥ ಬಿರುಕು ಎಕ್ಸ್‌ರೇಯಲ್ಲಿ ಕಾಣದಿರುವುದು ಮಾಮೂಲು. ಮೂಳೆ ವೈದ್ಯರು ಅದನ್ನು ನಂಬಿ ಕೂರದೆ, ಪರೀಕ್ಷೆಯ ಆಧಾರದ ಮೇಲೆ ಆರು ವಾರ ಓಟ ಬೇಡ ಎಂದರು.

ಓಟವಿಲ್ಲದ ಆರು ವಾರ

ಮೊದಲ ವಾರದಲ್ಲೇ ಎಲ್ಲ ಮರಳಿ ಬಂತು: ನಾಲ್ಕರ ಎಚ್ಚರ, ಶಬ್ದ, ಅಳು. ಏಳು ತಿಂಗಳಲ್ಲಿ ಏನೂ ಆಗಿಲ್ಲ ಎಂದು ಸುಧಾ ಅವರಿಗೂ ಮನೆಯವರಿಗೂ ಅನ್ನಿಸಿತು. ಬೇರೆ ವ್ಯಾಯಾಮ ಹುಡುಕಿಕೊಡುವ ಯೋಚನೆ ತರಬೇತುದಾರರಿಗಿತ್ತು, ಸೈಕಲ್ ಆಗಬಹುದಿತ್ತು. ಸಮಾಲೋಚಕಿ ಬೇಡ ಎಂದರು. ಈ ಪ್ರಕರಣದ ಅತಿ ಮುಖ್ಯ ತೀರ್ಮಾನ ಅದು ಎಂದು ನಮ್ಮ ಅಭಿಪ್ರಾಯ. ಇನ್ನೊಂದು ಓಟ ಕೊಟ್ಟಿದ್ದರೆ ದುಃಖದ ಮುಖಕ್ಕೆ ಇನ್ನೊಂದು ಬಾಗಿಲು ಹಾಕಿದಂತಾಗುತ್ತಿತ್ತು.

ಬದಲಿಗೆ ಓಟದ ಹೊತ್ತನ್ನೇ ಉಳಿಸಿಕೊಂಡರು. ಬೆಳಿಗ್ಗೆ ಆರಕ್ಕೆ, ವಾರಕ್ಕೆ ಮೂರು ದಿನ, ಅರ್ಧ ಗಂಟೆ ಜಗಲಿಯಲ್ಲಿ ಕೂತು ಅಪ್ಪನ ವಸ್ತುಗಳನ್ನು ಒಂದೊಂದಾಗಿ ತೆಗೆಯುವುದು. ಆಸ್ಪತ್ರೆಯ ಫೈಲು, ಉಳಿದ ಸಿರಿಂಜುಗಳು, ಕನ್ನಡಕ. ಉಳಿದ ಮಾರ್ಫಿನ್ ಮಾತ್ರೆಗಳನ್ನು ಕೊಟ್ಟ ಆಸ್ಪತ್ರೆಗೇ ಎಣಿಸಿ ಹಿಂತಿರುಗಿಸಿದರು, ಅದು ಮನೆಯಲ್ಲಿ ಇಟ್ಟುಕೊಳ್ಳುವ ಔಷಧಿ ಅಲ್ಲ. ಮೂರನೆಯ ವಾರ ಕೈಗೆ ಸಿಕ್ಕಿದ್ದು ಎಲೆ ಅಡಿಕೆಯ ಸಂಚಿ, ಒಳಗೆ ಅಡಕತ್ತರಿ, ಸುಣ್ಣದ ಡಬ್ಬಿ.

ಅವತ್ತು ಅವರು ಹೇಳಿದ್ದು ಏಳು ತಿಂಗಳಲ್ಲಿ ಎಂದೂ ಹೇಳದ ಮಾತು. ಚಿಕ್ಕಂದಿನಲ್ಲಿ ಊಟವಾದ ಮೇಲೆ ಅಪ್ಪನಿಗೆ ಕವಳ ಕಟ್ಟಿಕೊಡುತ್ತಿದ್ದುದು ಅವರೇ. ಕೆನ್ನೆಯೊಳಗೆ ಬಿಳಿ ಮಚ್ಚೆ ಕಂಡದ್ದು, ಖಾರ ತಾಗಿದರೆ ಅಪ್ಪ ಮುಖ ಹಿಂಡುತ್ತಿದ್ದುದು, ಬಾಯಿ ಮೊದಲಿನಷ್ಟು ತೆರೆಯುತ್ತಿರಲಿಲ್ಲ ಎಂಬುದು ಗೊತ್ತಿತ್ತು. ಹುಣ್ಣು ಬಂದ ಮೇಲೂ ಕೊಯ್ಲು ಮುಗಿಯಲಿ ಎಂದು ಕಾದರು. ಇದರ ಮೇಲೆ ಇನ್ನೊಂದು: ಅಪ್ಪನ ಆಸ್ಪತ್ರೆ ಖರ್ಚು ನಡೆದದ್ದು ಅಡಿಕೆ ಮಾರಿದ ಹಣದಲ್ಲಿ, ಮನೆ ನಡೆಯುತ್ತಿರುವುದೂ ಅದರಲ್ಲೇ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಹೊಗೆಸೊಪ್ಪಿಲ್ಲದ ಎಲೆ ಅಡಿಕೆಯನ್ನೂ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಅಡಿಕೆ ನಾಡಿನಲ್ಲಿ ಈ ಮಾತನ್ನು ಗಟ್ಟಿಯಾಗಿ ಆಡುವುದು ಕಷ್ಟ, ಸಾವಾದ ಮನೆಯಲ್ಲಂತೂ ಇನ್ನೂ ಕಷ್ಟ.

ಸಮಾಲೋಚಕಿ "ನಿಮ್ಮ ತಪ್ಪೇನಿಲ್ಲ" ಎನ್ನಲಿಲ್ಲ. ಆ ಮಾತನ್ನು ಹತ್ತು ಜನ ಆಗಲೇ ಹೇಳಿದ್ದರು. ಒಂದು ದೊಡ್ಡ ಹಾಳೆ ತೆಗೆದು, ಆಸ್ಪತ್ರೆಯ ಫೈಲಿನಿಂದ ತಾರೀಖುಗಳನ್ನು ಬರೆಸಿದರು. ಯಾವಾಗ ಏನು ಕಂಡಿತು, ಯಾರಿಗೆ ಕಂಡಿತು, ಆಗ ಅವರಿಗೆ ಏನು ಗೊತ್ತಿತ್ತು. ಹುಣ್ಣು ಕಂಡಾಗಿನಿಂದ ದಂತವೈದ್ಯರ ಬಳಿ ಹೋಗುವ ತನಕ ಐದು ವಾರ. ಮೂರು ವಾರಕ್ಕೆ ಮಾಯದ ಬಾಯಿಹುಣ್ಣನ್ನು ತೋರಿಸಲೇಬೇಕು ಎಂಬುದು ನಿಯಮ, ಹಾಗಾಗಿ ಎರಡು ವಾರ ತಡವಾಗಿದ್ದು ಹೌದು. ಆ ಎರಡು ವಾರದಲ್ಲಿ ಅಪ್ಪ ಸ್ವತಃ "ಹಲ್ಲು ತಾಗಿದ್ದು, ಕೊಯ್ಲು ಮುಗಿಲಿ" ಎಂದು ಎರಡು ಸಲ ಹೇಳಿದ್ದೂ ಹೌದು. ಹತ್ತು ವರ್ಷದ ಹುಡುಗಿ ಕಟ್ಟಿಕೊಟ್ಟ ಕವಳಕ್ಕೆ ಮುಂಚೆಯೇ ಹತ್ತಾರು ವರ್ಷದ ಚಟವಿತ್ತು ಎಂಬುದೂ ಹಾಳೆಯ ಮೇಲೆ ಕಂಡಿತು. ಅಪರಾಧಿ ಭಾವ ಹೋಗಲಿಲ್ಲ. ಅದಕ್ಕೊಂದು ಗಾತ್ರ ಬಂತು: ಎರಡು ವಾರದಷ್ಟು. ನಿದ್ದೆ ನಿಧಾನವಾಗಿ ಐದೂವರೆ, ಆರಕ್ಕೆ ಏರಿದ್ದು ಈ ಹಾಳೆಯ ನಂತರ, ಒಂದು ಹೆಜ್ಜೆಯೂ ಓಡದ ದಿನಗಳಲ್ಲಿ.

ಮರಳಿ ರಸ್ತೆಗೆ

ನವೆಂಬರ್ ನಡುವಿನಲ್ಲಿ ಹತ್ತು ಸಲ ಒಂಟಿಕಾಲಲ್ಲಿ ಕುಪ್ಪಳಿಸಿದರೂ ನೋವಿಲ್ಲ, ಮುಕ್ಕಾಲು ಗಂಟೆ ಬಿರುಸು ನಡಿಗೆಗೂ ನೋವಿಲ್ಲ ಎಂದು ಖಚಿತವಾದ ಮೇಲೆ ಓಟ ಮತ್ತೆ ಒಂದು ನಿಮಿಷದಿಂದ ಶುರುವಾಯಿತು. ಮೊದಲ ಓಟ ನಡೆದದ್ದು ಶಿವಮೊಗ್ಗದ ನೆಹರು ಕ್ರೀಡಾಂಗಣದಲ್ಲಿ, ತರಬೇತುದಾರರ ಕಣ್ಣೆದುರು, ಸಮತಟ್ಟು ನೆಲದಲ್ಲಿ. ಕರಾರು ಬದಲಾಗಿತ್ತು: ವಾರಕ್ಕೆ ಹೆಚ್ಚೆಂದರೆ ನಾಲ್ಕು ದಿನ. ಒಂದು ವಾರದಿಂದ ಇನ್ನೊಂದಕ್ಕೆ ಹತ್ತರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಏರಿಕೆ ಇಲ್ಲ. ಆಪ್ ತೆಗೆಯುವುದು, ಗೋಡೆಗಡಿಯಾರ ಸಾಕು. ಮಾಸಿಕದ ದಿನ, ಅಮ್ಮನ ಭಾನುವಾರ, ಓಟವಿಲ್ಲ. ಬಿಡುವಿನ ದಿನ ತಡೆಯಲಾಗದಿದ್ದರೆ ಶೂ ಹಾಕುವುದಲ್ಲ, ಸಮಾಲೋಚಕಿಗೆ ಫೋನು.

ಆ ಹೊತ್ತಿಗೆ ಊರೆಲ್ಲ ಕೊಯ್ಲು. ಪ್ರತಿ ಅಂಗಳದಲ್ಲೂ ಅಡಿಕೆ ಬೇಯುವ ಹಂಡೆ, ಅಡಿಕೆ ಬೇಯಿಸಿದ ಕಂದು ನೀರಾದ ಚೊಗರಿನ ವಾಸನೆ ರಸ್ತೆಯ ತನಕ. ದಾರಿ ಬದಲಿಸಬೇಕೆಂದರು ಸುಧಾ. ಆದರೆ ಅದೇ ವಾಸನೆ ಅವರ ಮನೆಯಂಗಳದಲ್ಲೂ ಇತ್ತಲ್ಲ. ವಾಸನೆ ಬರುವ ಕಡೆ ಓಟ ನಿಲ್ಲಿಸಿ, ನಡೆದು, ಬೇಕಿದ್ದರೆ ನಿಂತು ದಾಟುವುದು ಎಂದು ತೀರ್ಮಾನವಾಯಿತು. ಓಡಿ ದಾಟುವುದು ಮಾತ್ರ ಬೇಡ. ಮೂರನೆಯ ವಾರಕ್ಕೆ ಒಂದು ಅಂಗಳದವರು ಕರೆದು ಕಾಫಿ ಕೊಟ್ಟರು, ಅಪ್ಪನ ಸಂಗತಿ ಮಾತಾಡಿದರು. ಕೊಯ್ಲಿನ ಹೊತ್ತಲ್ಲಿ ಅಪ್ಪನ ಹೆಸರು ಅಳುವಿಲ್ಲದೆ ಬಾಯಿಗೆ ಬಂದದ್ದು ಅದೇ ಮೊದಲು ಎಂದು ಅವರು ಆಮೇಲೆ ಹೇಳಿದರು.

ಬೇರೆಯವರು ಗಮನಿಸಬಹುದಾದದ್ದು

ಅಪ್ಪ ಅಮ್ಮನನ್ನು ಕಳೆದುಕೊಂಡ ಎಲ್ಲರಿಗೂ ಓಟ ಹೇಳಿ ಮಾಡಿಸಿದ್ದಲ್ಲ. ಈ ಪ್ರಕರಣದಲ್ಲಿ ಅದು ಕೆಲಸ ಮಾಡಿದ್ದಕ್ಕೆ ಮೂರು ಅನುಕೂಲಗಳಿದ್ದವು: ಹಳೆಯ ಓಟದ ರುಚಿ, ನಸುಕಿನಲ್ಲಿ ಖಾಲಿಯಾದ ಹೊತ್ತು, ಮನೆಯಲ್ಲಿ ಬಾಯಿಬಿಟ್ಟು ಮಾತಾಡಿದ ಅಮ್ಮ. ರಕ್ತ ಪರೀಕ್ಷೆಯನ್ನು ಗಾಬರಿಯಾದ ಮೇಲೆ ಮಾಡಿಸುವ ಬದಲು ಮೊದಲ ದಿನವೇ ಮಾಡಿಸಿದ್ದರೆ ಆರು ವಾರ ಉಳಿಯುತ್ತಿತ್ತು. ಉಸಿರಿನ ಕಾಯಿಲೆಯಿಂದ, ಗಂಟಲು ಅಥವಾ ಶ್ವಾಸಕೋಶದ ಕ್ಯಾನ್ಸರಿನಿಂದ ಹೆತ್ತವರು ಹೋಗಿದ್ದರೆ, ಓಟದ ಏದುಸಿರೇ ನೆನಪಿನ ಬಾಗಿಲಾಗಬಹುದು ಎಂದು ತರಬೇತುದಾರರಿಗೆ ಮೊದಲೇ ತಿಳಿಸಿರಬೇಕು. ಅಂಥವರಿಗೆ ಏರಿನ ಓಟ, ಸಮಯ ಕಟ್ಟಿ ಓಡಿಸುವುದು ಮೊದಲ ಮೂರು ತಿಂಗಳು ಬೇಡವೇ ಬೇಡ. ಊಟ ಬಿಟ್ಟವರು, ನಿದ್ದೆ ನಾಲ್ಕು ಗಂಟೆಗಿಂತ ಕಡಿಮೆ ಇರುವವರು, ಎಚ್ಚರ ತಪ್ಪುವವರು ನಡಿಗೆಯಲ್ಲೇ ಇರಲಿ. ಬದುಕು ಬೇಡ ಎನ್ನುವ ಮಾತು ಒಮ್ಮೆ ಬಂದರೂ ಓಟದ ವಿಷಯ ಪಕ್ಕಕ್ಕಿಟ್ಟು ವೈದ್ಯರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಫೆಬ್ರವರಿಯ ವರ್ಷಾಂತಿಕಕ್ಕೆ ಸುಧಾ ಮೂರು ದಿನ ಮುಂಚೆಯೇ ಓಟ ನಿಲ್ಲಿಸಿ ಅಡುಗೆಯವರ ಜೊತೆ, ನೆಂಟರ ಜೊತೆ ಇದ್ದರು. ಆಗ ಅವರ ನಿದ್ದೆ ಆರೂವರೆ ಗಂಟೆ, ಹಿಮೋಗ್ಲೋಬಿನ್ 12.1, ಓಟ ವಾರಕ್ಕೆ ಮೂರು ಅಥವಾ ನಾಲ್ಕು ದಿನ, 30 ನಿಮಿಷ. ತೋಟ ಮಾರುವುದೋ, ಕಾಳುಮೆಣಸು ಕಾಫಿಯ ಕಡೆ ಹೊರಳುವುದೋ ಎಂದು ಅಕ್ಕ ತಮ್ಮನ ನಡುವೆ ಇನ್ನೂ ಒಮ್ಮತವಿಲ್ಲ. ಅಮ್ಮನೂ ಕವಳ ಹಾಕುವವರೇ. ಹೊಗೆಸೊಪ್ಪು ಬಿಟ್ಟಿದ್ದಾರೆ, ಅಡಿಕೆ ಬಿಟ್ಟಿಲ್ಲ. ಆರು ತಿಂಗಳಿಗೊಮ್ಮೆ ಬಾಯಿ ತೋರಿಸಲು ಒಪ್ಪಿದ್ದಾರೆ, ಮೊದಲ ತಪಾಸಣೆ ಮುಗಿದಿದೆ, ಮುಂದಿನದು ಕೊಯ್ಲಿಗೆ ಮುಂಚೆ ಎಂದು ಸುಧಾ ತಾರೀಖು ಬರೆದಿಟ್ಟಿದ್ದಾರೆ.